ಅಳತೆ ಮೀರಿದ ಅಕ್ಕಿ

ತಿಂಗಳ 20ನೇ ತಾರೀಖು ಹತ್ತಿರ ಬಂದಾಗ ಲೆಕ್ಕ ಬರೆಯುವವರನ್ನು ಮಾತಾಡಿಸಬಾರದು. ಅಷ್ಟರೊಳಗೆ ಜಿಎಸ್‌ಟಿ ರಿಟರ್ನ್ ಹೋಗಬೇಕು. ತುಮಕೂರಿನ ಸತ್ಯಮಂಗಲ ಕೈಗಾರಿಕಾ ಪ್ರದೇಶದ ನಮ್ಮ ಪುಟ್ಟ ಕಾರ್ಖಾನೆಯಲ್ಲಿ ಸರಿಯಾಗಿ ಆಗಲೇ ಸ್ಟೋರ್ಸಿನವರು ಚಲನ್ ಕಟ್ಟು ತಂದು ಮೇಜಿನ ಮೇಲಿಡುತ್ತಾರೆ. ಹಿಂದೆಯೇ ಮಾಲೀಕರು ಬಂದು, "ಅರ್ಜೆಂಟೇನಿಲ್ಲ, ಐದು ನಿಮಿಷದಲ್ಲಿ ಕೊಡಿ" ಅನ್ನುತ್ತಾರೆ. ಇದಕ್ಕಿಂತ ಅರ್ಜೆಂಟಾದ ಮಾತನ್ನು ನಾನು ಕೇಳಿಲ್ಲ.

ತಲೆ ಬಿಸಿಯಾದವನಿಗೆ ಸಲಹೆಗೇನೂ ಬರವಿಲ್ಲ. ಭಾವಮೈದ ಪ್ರಾಣಾಯಾಮ ಮಾಡು ಅನ್ನುತ್ತಾನೆ. ಗೇಟಿನಾಚೆಯ ಟೀ ಅಂಗಡಿಯಾಕೆ, "ಯಾಕ್ ಸಾರ್, ಮುಖ ಇಷ್ಟುದ್ದ ಮಾಡ್ಕಂಡಿದೀರಾ?" ಎಂದು ಬೈಟೂ ಟೀಯನ್ನು ಫುಲ್ ಮಾಡಿ ಕೊಡುತ್ತಾಳೆ. ಇವೆರಡರಲ್ಲಿ ಹೆಚ್ಚು ಗುಣ ಕಂಡದ್ದು ಟೀಯಲ್ಲಿ. ಒಮ್ಮೆ ಒತ್ತಡ ನಿರ್ವಹಣೆಯ ತರಬೇತಿಯೂ ನಡೆಯಿತು. ಅರ್ಧ ದಿನ ಕಣ್ಣು ಮುಚ್ಚಿ ಉಸಿರು ಎಣಿಸಿದೆವು. ಆ ಅರ್ಧ ದಿನದ ಕೆಲಸವನ್ನು ರಾತ್ರಿ ಕಣ್ಣು ಬಿಟ್ಟುಕೊಂಡು ಮುಗಿಸಿದೆವು.

ನಮ್ಮ ತುಮಕೂರು ಒಂದು ಕಾಲಕ್ಕೆ ದೇಶಕ್ಕೇ ಹೊತ್ತು ತೋರಿಸಿದ ಊರು. ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಇಲ್ಲಿತ್ತು. 2016ರಲ್ಲಿ ಅದಕ್ಕೆ ಬೀಗ ಬಿತ್ತು. ಬೆಳಿಗ್ಗೆ ಎದ್ದು ಆ ಗಡಿಯಾರಕ್ಕೆ ನಾವು ಕೀ ಕೊಡುತ್ತಿದ್ದೆವು. ಈಗ ಮೊಬೈಲು ನಮಗೆ ಕೀ ಕೊಡುತ್ತದೆ, ರಾತ್ರಿ ಹನ್ನೊಂದಕ್ಕೂ.

ಕೆಲಸದಿಂದ ಹೀಗೆ ಬಸವಳಿಯುವುದನ್ನು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ ಹೊಸ ಆವೃತ್ತಿಯಲ್ಲಿ ಬಿಡಿಸಿ ಹೇಳಿತು. ಸಂತೋಷಪಟ್ಟು ಓದಿದರೆ, ಇದು ಕಾಯಿಲೆಯಲ್ಲ, ಉದ್ಯೋಗಕ್ಕೆ ಅಂಟಿಕೊಂಡ ಸ್ಥಿತಿ ಎಂದಿದೆ. ಅಂದರೆ ನಾವು ನರಳಬಹುದು, ಸಿಕ್ ಲೀವ್ ಕೇಳುವ ಹಾಗಿಲ್ಲ. ಆದರೆ ಅದರಲ್ಲೊಂದು ನ್ಯಾಯದ ಮಾತಿದೆ: ಕೆಡುಕಿನ ಬೇರು ಕೆಲಸದ ಜಾಗದಲ್ಲಿದೆ. ಹಾಗಿದ್ದ ಮೇಲೆ ನನ್ನ ಮೂಗನ್ನೊಂದೇ ಹಿಡಿದು ಉಪಯೋಗವೇನು?

ದಣಿವಿನ ಮಾತೆತ್ತಿದರೆ ಮಾಲೀಕರು ಕ್ಯಾತ್ಸಂದ್ರದ ಕಡೆ ಕೈ ತೋರಿಸುತ್ತಾರೆ. ಅಲ್ಲಿಯ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮಿಗಳು 111 ವರ್ಷ ಬಾಳಿದರು, ಇಳಿವಯಸ್ಸಿನಲ್ಲೂ ದುಡಿದರು, ನಿಜ. ಕಾಯಕದ ಬೋರ್ಡು ನಮ್ಮ ಆಫೀಸಿನ ಗೋಡೆಯ ಮೇಲೂ ಇದೆ. ಅದರ ಪಕ್ಕ ಶರಣೆ ಆಯ್ದಕ್ಕಿ ಲಕ್ಕಮ್ಮನ ಚಿತ್ರ ತೂಗುಹಾಕಿದವರನ್ನು ಮಾತ್ರ ನಾನು ಕಂಡಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಹಿಗ್ಗಲಿಲ್ಲ; ನಮ್ಮ ಅಳತೆಗೆ ಮೀರಿದ್ದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಅಟ್ಟಿದಳು. ಕಾಯಕಕ್ಕೂ ಒಂದು ಅಳತೆಯುಂಟು ಎಂದು ಹನ್ನೆರಡನೇ ಶತಮಾನದಲ್ಲೇ ಇತ್ಯರ್ಥವಾಗಿತ್ತು!

ಲಕ್ಕಮ್ಮ ಗದರಿದ್ದು ಗಂಡನನ್ನು. ಸಂಬಳ ಕೊಡುವವರನ್ನು ಗದರಲು ಬರುವುದಿಲ್ಲವಾದ್ದರಿಂದ ನಾನೊಂದು ಉಪಾಯ ಹಿಡಿದಿದ್ದೇನೆ. ಕೈಯಲ್ಲಿರುವ ಕೆಲಸಗಳನ್ನೆಲ್ಲ ಹಾಳೆಯ ಮೇಲೆ ಬರೆದು, ಒಂದೊಂದರ ಮುಂದೆ ಹಿಡಿಯುವ ಹೊತ್ತು ಹಾಕಿ, ಮಾಲೀಕರ ಮುಂದಿಟ್ಟು, "ಯಾವುದು ಮೊದಲು ಸಾರ್?" ಅನ್ನುತ್ತೇನೆ. ಮೊದಮೊದಲು "ಎಲ್ಲಾ ಮೊದಲು" ಅಂದರು. ನಾನು ಪೆನ್ನು ಅವರ ಕೈಗೆ ಕೊಟ್ಟು ಸುಮ್ಮನೆ ನಿಂತೆ. ಹೊತ್ತನ್ನೆಲ್ಲ ಕೂಡಿಸಿದರು, ಹದಿನಾಲ್ಕು ಗಂಟೆ ಬಂತು. ಲೆಕ್ಕ ತಪ್ಪಿದೆಯೆಂದು ಮತ್ತೆ ಕೂಡಿಸಿದರು. ಆಮೇಲೆ ಎರಡು ಬಾಬ್ತು ತಾವೇ ಹೊಡೆದುಹಾಕಿ, ಹಾಳೆ ವಾಪಸು ಕೊಡುತ್ತಾ, "ಇದನ್ನ ಸ್ಟೋರ್ಸಿನವರಿಗೆ ಮಾತ್ರ ಹೇಳಿಕೊಡಬೇಡಿ" ಅಂದರು.