ಪಾಪ, ಆ ಬ್ಯಾಟೇನ್ ಮಾಡ್ತು?

ಅಪಾರ್ಟ್‌ಮೆಂಟ್ ಕ್ಲಬ್‌ಹೌಸಲ್ಲಿ ಸಂಜೆ ಟಿಟಿ ಆಡ್ತೀರಲ್ಲ, ಒಂದು ವಿಷಯ ಕೇಳ್ಲಾ? ಫೋರ್‌ಹ್ಯಾಂಡ್ ಬೀಸಿ ಬಾಲ್ ನೆಟ್ಟಿಗೆ ಹೊಡೆದ ತಕ್ಷಣ ಬ್ಯಾಟ್ ತಿರುಗಿಸಿ ದುರುಗುಟ್ಟಿ ನೋಡ್ತೀರಲ್ಲ, ಯಾಕೆ? ಆಮೇಲೆ ಅಂಗೈಯಿಂದ ರಬ್ಬರ್ ಬೇರೆ ಒರೆಸ್ತೀರಿ. (ಬೆವರು ಕೈ ಸ್ವಾಮಿ, ಇದ್ದ ಗ್ರಿಪ್ಪೂ ಹೋಯ್ತು.) ರಾತ್ರಿಗೆ ಫೋನ್ ತೆಗೆದು ಹೊಸ ರಬ್ಬರ್ ಆರ್ಡರ್!

ಒಂದ್ಸಲ ತಲೆ ಬಗ್ಗಿಸಿ ಕಾಲು ನೋಡ್ಕೊಳ್ಳಿ. ಗೇಮ್ ಶುರುವಾದಾಗ ಎಲ್ಲಿ ಊರಿದ್ರೋ ಅಲ್ಲೇ ಇವೆ, ಅಲ್ವಾ? ಟೇಬಲ್ ಅಗಲ 152.5 ಸೆಂಟಿಮೀಟರ್ ತಾನೇ, ಕೈ ಚಾಚಿದ್ರೆ ಆಯ್ತು ಅನ್ನೋದು ನಿಮ್ಮ ಲೆಕ್ಕ. ಎದುರಿನವರು ಓರೆಯಾಗಿ ಮೂಲೆಗೆ ಹಾಕಿದ ಬಾಲು ಟೇಬಲ್ ದಾಟಿದ ಮೇಲೂ ಪಕ್ಕಕ್ಕೆ ಓಡ್ತಾನೇ ಇರುತ್ತೆ, ನಿಮ್ಮ ಕೈ ಮಾತ್ರ ಅಷ್ಟೇ ಉದ್ದ.

ಹಾಂ, ಸರ್ವ್ ಮಾಡುವಾಗ ಮಾತ್ರ ಚೀನಾದವರ ಥರ ಕಾಲು ಧಡ್ ಅಂತ ಕುಟ್ತೀರಿ. ಸಂಜೆಯಿಡೀ ನಿಮ್ಮ ಫುಟ್‌ವರ್ಕ್ ಅದೊಂದೇ!

ನೋಡಿ, ಫೋರ್‌ಹ್ಯಾಂಡ್ ಹುಟ್ಟೋದು ಬಲಗಾಲಲ್ಲಿ. (ಎಡಚರು ಅದಲು ಬದಲು ಮಾಡ್ಕೊಳ್ಳಿ.) ಪಾದ ಭುಜಕ್ಕಿಂತ ಅಗಲ, ಮಂಡಿ ಸ್ವಲ್ಪ ಬಾಗಿ, ಭಾರ ಪಾದದ ಮುಂಭಾಗದ ಮೇಲೆ. ಬಲಗಾಲ ಮೇಲೆ ಕೂತು, ಸೊಂಟ ತಿರುಗಿಸಿ, ಭಾರ ಎಡಕ್ಕೆ ದಾಟಿಸ್ತಾ ಹೊಡೀಬೇಕು. ಕೈ ಸುಮ್ಮನೆ ಹಿಂದೆ ಬರೋ ನೆಂಟ. ನೀವು ನೆಂಟನ ಕೈಲೇ ಮದುವೆ ಖರ್ಚೆಲ್ಲ ಕೊಡಿಸ್ತಿದ್ದೀರಿ, ಭುಜ ನೋಯದೆ ಇನ್ನೇನು?

ದಕ್ಷಿಣ ಕೊರಿಯಾದ ರ್‍ಯೂ ಸಂಗ್-ಮಿನ್ ಗೊತ್ತಾ? ಪೆನ್‌ಹೋಲ್ಡ್ ಆಟಗಾರ, ಅಂದ್ರೆ ಬ್ಯಾಟನ್ನ ಪೆನ್ ಥರ ಹಿಡಿಯೋನು. ಬ್ಯಾಕ್‌ಹ್ಯಾಂಡ್ ಮೂಲೆಗೆ ಬಿದ್ದ ಬಾಲಿಗೂ ಸುತ್ತಿ ಓಡಿಬಂದು ಫೋರ್‌ಹ್ಯಾಂಡಲ್ಲೇ ಬಾರಿಸ್ತಿದ್ದ. ಹಾಗೆ ಓಡ್ತಾನೇ 2004ರ ಅಥೆನ್ಸ್ ಒಲಿಂಪಿಕ್ಸ್ ಫೈನಲ್ಲಲ್ಲಿ ಚೀನಾದ ವಾಂಗ್ ಹಾವೋನ ಸೋಲಿಸಿ ಚಿನ್ನ ಹೊಡೆದ.

ನಿಮಗೆ ಅಷ್ಟೆಲ್ಲ ಬೇಡ, ಫಾಲ್ಕೆನ್‌ಬರ್ಗ್ ಡ್ರಿಲ್ ಸಾಕು. (ಸ್ವೀಡನ್ನಿನ ಊರಿನ ಹೆಸರು, ತಿಂಡಿ ಅಲ್ಲ.) ಎಡಮೂಲೆಯಲ್ಲಿ ಒಂದು ಬ್ಯಾಕ್‌ಹ್ಯಾಂಡ್, ಅದೇ ಮೂಲೆಯಲ್ಲಿ ಸರಿದು ನಿಂತು ಒಂದು ಫೋರ್‌ಹ್ಯಾಂಡ್, ತಕ್ಷಣ ಬಲತುದಿಗೆ ಓಡಿ ಇನ್ನೊಂದು ಫೋರ್‌ಹ್ಯಾಂಡ್. ಮತ್ತೆ ಮೊದಲಿಂದ. ಕಾಲಿಗೆ ಕಾಲು ಅಡ್ಡ ಹಾಕದೆ ಎರಡೂ ಪಾದ ಸರಿಸಿ, ಹೊಡೆದ ಮೇಲೆ ಪುಟ್ಟ ಹಾರು ಹಾರಿ ಮುಂದಿನ ಬಾಲಿಗೆ ಸಜ್ಜಾಗಿ. ನಿಧಾನಕ್ಕೇ ಮಾಡಿ, ಯಾರೂ ವಿಡಿಯೊ ಮಾಡ್ತಿಲ್ಲ.

ಏನಂದ್ರಿ, ಮಂಡಿ ನೋವಾ? ಮೊನ್ನೆ ಎಂಟನೇ ಕ್ಲಾಸ್ ಹುಡುಗಿ ಹತ್ರ ಸೋತಾಗ ಲೈಟ್ ಸರಿ ಇಲ್ಲ ಅಂದ್ರಿ, ಅದಕ್ಕೂ ಮುಂಚೆ ಫ್ಯಾನ್ ಗಾಳಿ. ಈಗ ಮಂಡಿ. ಆಯ್ತು ಬಿಡಿ, ಹೊಸ ರಬ್ಬರ್ ಎಷ್ಟು ಕೊಟ್ರಿ?