ಕಾಫಿ ಇಡಬಾರದ ಟೀಪಾಯಿ

ನಿವೃತ್ತರ ಹವ್ಯಾಸಗಳಲ್ಲಿ ಮರಗೆಲಸದಷ್ಟು ಸದ್ದು ಮಾಡುವುದು ಇನ್ನೊಂದಿಲ್ಲ. ನಮ್ಮ ಭಾವ ಅಟ್ಟದ ಮೇಲಿನ ಹಳೇ ಹಲಸಿನ ಹಲಗೆಗಳನ್ನಿಳಿಸಿ ಟೀಪಾಯಿ ಮಾಡಲು ಕೂತರು. ಅಕ್ಕ ತಕ್ಷಣ ಒಣಹಾಕಿದ್ದ ಬಟ್ಟೆಗಳನ್ನೆಲ್ಲ ಒಳಗೆ ತಂದಳು.

ಎತ್ತರ ಸೋಫಾದ ಮಟ್ಟಕ್ಕೆ, 16-18 ಇಂಚು. ಕಾಲುಗಳು ಸುಸೂತ್ರವಾಗಿ ನಿಂತವು. ತಕರಾರೆಲ್ಲ ಮೇಲಿನ ಹಲಗೆಯದು. ಅದು ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಾಗಾಗಿ ಸ್ಕ್ರೂ ತೂತನ್ನು ಉದ್ದುದ್ದ ಕೊರೆದು ಆಡಲು ಜಾಗ ಬಿಡಬೇಕಂತೆ. “ಮದುವೆಯಾದ ಮಗನಿಗೂ ಹಾಗೇ ಬಿಡಬೇಕು,” ಎಂದಳು ಅಕ್ಕ.

ಆಮೇಲೆ ಉಪ್ಪುಕಾಗದ. 80ನೇ ನಂಬರು, 120, ಕಡೆಗೆ 220. ಉಜ್ಜಿದಷ್ಟೂ ಹಳದಿ ಹುಡಿ. ಸಾರಿಗೆ ಬೇರೆ ಅರಿಸಿನ ಬೇಕಿರಲಿಲ್ಲ.

ಪಾಲಿಶ್ ಮಾತ್ರ ನೋಡುವಂಥದ್ದು. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹಳೇ ಪಂಚೆಯ ತುಂಡಿನಲ್ಲಿ ಹತ್ತಿ ಸುತ್ತಿ, ತೊಟ್ಟು ಎಣ್ಣೆ ಸವರಿ, ಕೈ ನಿಲ್ಲಿಸದೆ 8ರ ಆಕಾರದಲ್ಲಿ ತೀಡುತ್ತಾರೆ. ಕೈ ನಿಂತರೆ ಬಟ್ಟೆ ಅಲ್ಲೇ ಅಂಟಿತು! ಪದರ ಏರಿದಂತೆ ಹಲಸು ಜೇನಿನ ಬಣ್ಣಕ್ಕೆ ತಿರುಗಿ, ಮೇಲಿನ ಫ್ಯಾನು ಅದರೊಳಗೆ ತಿರುಗತೊಡಗಿತು.

ಆದರೆ ಅರಗಿಗೆ ಬಿಸಿ ಆಗದು. ಸುಡುವ ಲೋಟ ಇಟ್ಟರೆ ಬಿಳೀ ಉಂಗುರ ಖಂಡಿತ. ಬಂದವರೆಲ್ಲ ಫಿಲ್ಟರ್ ಕಾಫಿಯನ್ನು ಕೈಯಿಂದ ಕೈಗೆ ಬದಲಾಯಿಸುತ್ತ ಟೀಪಾಯಿಯನ್ನು ಹೊಗಳಬೇಕು. ಈಗ ಅದರ ಮೇಲೆ ಗಾಜು, ಗಾಜಿನ ಮೇಲೆ ಕಸೂತಿ ಬಟ್ಟೆ, ಅದಕ್ಕೊಂದು ಪ್ಲಾಸ್ಟಿಕ್ ಹಾಳೆ. ಮರ ನೋಡಲೇಬೇಕೆಂದರೆ ನೆಲದ ಮೇಲೆ ಅಂಗಾತ ಮಲಗಬೇಕು. ಅಡಿಭಾಗಕ್ಕೆ ಭಾವ ಪಾಲಿಶ್ ಹಾಕಿಲ್ಲ.