ಆಡಿಟ್ ಕಾಕಾ

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಎಂದು ನಮ್ಮ ಸೀಮೆಯಲ್ಲೂ ಒಂದೊಂದಾಗಿ ಠಾಣೆ ಹೂಡಿದರು. ಅವರಿಂದ ಶಾಲೆ ಬಂತು, ಕನ್ನಡದ ಕ್ರೈಸ್ತ ಸಭೆಗಳು ಹುಟ್ಟಿದವು. ಸಭೆ ಹುಟ್ಟಿದ ಮರು ಭಾನುವಾರವೇ ಆಡಿಟ್ ಕಾಕಾ ಹುಟ್ಟಿರಬೇಕು ಎಂಬುದು ನನ್ನ ಗುಮಾನಿ. ಯಾವ ಊರಿನ ಚರ್ಚಿಗೆ ಹೋದರೂ ಅವರು ಸಿಗುತ್ತಾರೆ. ಮಂಗಳೂರಿನ ಕೆಥೊಲಿಕ್ ಇಗರ್ಜಿಗಳಲ್ಲಿ ಅವರ ದಾಯಾದಿಯೊಬ್ಬರು ವಾಳೆಯ, ಅಂದರೆ ವಾರ್ಡಿನ, ಮುಖಂಡರಾದ ಗುರ್ಕಾರರ ಕಿವಿ ಕಚ್ಚುತ್ತಾ ನಿಂತಿರುತ್ತಾರೆ.

ನಮ್ಮ ಕಡೆಯ ಕಾಕಾ ಸಾಮಾನ್ಯವಾಗಿ ಸರಕಾರಿ ಖಜಾನೆಯಲ್ಲೋ ಬ್ಯಾಂಕಿನಲ್ಲೋ ಲೆಕ್ಕ ಬರೆದು ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಆರಾಧನೆಗೆ ಅರ್ಧ ತಾಸು ಮೊದಲೇ ಬಂದು ಹಿಂದಿನಿಂದ ಎರಡನೇ ಬೆಂಚಿನ ತುದಿ ಹಿಡಿಯುತ್ತಾರೆ. ಇದು ವಿನಯದಿಂದ ಆರಿಸಿಕೊಂಡ ಜಾಗವಲ್ಲ. ಯಾರು ಮೊದಲ ಹಾಡು ಮುಗಿದ ಮೇಲೆ ಬಂದರು, ಯಾರು ಪ್ರಸಂಗ ಶುರುವಾದೊಡನೆ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದರು, ಕ್ರಿಸ್‌ಮಸ್ ಮತ್ತು ಈಸ್ಟರಿಗೆ ಮಾತ್ರ ದರ್ಶನ ಕೊಡುವ ಕುಟುಂಬ ಈ ಸಲ ಯಾಕೆ ನಡುವೆಯೇ ಬಂದಿದೆ, ಎಲ್ಲವೂ ಅಲ್ಲಿಂದ ಕಾಣುತ್ತದೆ. ಕೊನೆಯದಕ್ಕೆ ಕಾಕಾನ ತೀರ್ಮಾನ ಸಿದ್ಧವೇ ಇರುತ್ತದೆ: "ಮದುವಿ ಸರ್ಟಿಫಿಕೇಟ್ ಬೇಕಾಗಿರ್ತೈತಿ."

ಈಚೆಗೆ ಅವರಿಗೊಂದು ದುಃಖ ಗಂಟುಬಿದ್ದಿದೆ. ಕಾಣಿಕೆ ಚೀಲ ಬೆಂಚಿನಿಂದ ಬೆಂಚಿಗೆ ಹೋಗುವಾಗ ನಾಣ್ಯ ಬಿದ್ದ ಸದ್ದಿನಿಂದಲೇ ಐದರದೋ ಹತ್ತರದೋ, ಹಾಕಿದವರು ಯಾರು ಎಂದು ಹೇಳಬಲ್ಲವರಾಗಿದ್ದರು. ಈಗ ಬಾಗಿಲ ಬಳಿ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಬಲಗೈ ಕೊಟ್ಟದ್ದು ಎಡಗೈಗೂ ಗೊತ್ತಾಗುವುದಿಲ್ಲ, ಕಾಕಾಗೂ ಗೊತ್ತಾಗುವುದಿಲ್ಲ.

ಹಳೆಯ ಮಿಶನ್ ಕಾಲದ ನೆನಪು ತೆಗೆದರಂತೂ ಅವರ ಕಣ್ಣು ಹೊಳೆಯುತ್ತದೆ. ಆಗ ಕುಡಿದು ಬಂದವರನ್ನು, ಜಗಳಗಂಟರನ್ನು ಸಭೆಯ ಹಿರಿಯರು ಕರೆದು ವಿಚಾರಿಸುತ್ತಿದ್ದರು, ತಿದ್ದಿಕೊಳ್ಳುವ ತನಕ ಕರ್ತನ ಭೋಜನಕ್ಕೆ ಬರದಂತೆ ತಡೆಯುತ್ತಿದ್ದರು. ಕಾಕಾ ಅದನ್ನು ಕಂಡವರಲ್ಲ, ಅಜ್ಜನಿಂದ ಕೇಳಿದವರು. ಆ ಅಜ್ಜನನ್ನೇ ಎಂದಾದರೂ ತಡೆದಿದ್ದರೋ ಎಂದು ಒಮ್ಮೆ ಯಾರೋ ಕೇಳಿದಾಗ ಕಾಕಾ ಮಾತು ತಿರುಗಿಸಿ ಮಳೆಯ ಸುದ್ದಿ ಎತ್ತಿದರು.

ಅವರಿಗೆ ನಿಜವಾದ ತಕರಾರು ಇರುವುದು ಸುವಾರ್ತೆಯ ಸಾಮ್ಯಗಳ ಮೇಲೆ. ದ್ರಾಕ್ಷೇ ತೋಟದ ಕೂಲಿಯವರ ಕಥೆಯನ್ನೇ ತೆಗೆದುಕೊಳ್ಳಿ. ಬೆಳಕು ಹರಿಯುವಾಗ ಬಂದವನಿಗೂ ಒಂದು ದಿನಾರಿ, ಸಂಜೆ ಐದಕ್ಕೆ ಬಂದವನಿಗೂ ಒಂದು ದಿನಾರಿ. ಪಾಸ್ಟರು ಅದರ ಮೇಲೆ ಕೃಪೆಯ ಪ್ರಸಂಗ ಮಾಡಿ ಬೆವರೊರೆಸಿಕೊಳ್ಳುತ್ತಿದ್ದಂತೆ ಕಾಕಾ ಹೊರಗೆ ಕಾದಿರುತ್ತಾರೆ. "ಅಲ್ರೀ ಪಾಸ್ಟರ್ರ, ಮರುದಿನ ಆ ತೋಟಕ್ಕ ಮುಂಜಾನೆ ಆರಕ್ಕ ಯಾರ್ ಬಂದಾರು?" ಪಾಸ್ಟರ ಬಳಿ ಇದಕ್ಕೆ ಉತ್ತರವಿಲ್ಲ. ನನ್ನ ಬಳಿಯೂ ಇಲ್ಲ.

ಕ್ಷಮಿಸದ ಆಳಿನ ಕಥೆಗೆ ಅವರು ಕಾಗದದ ಮೇಲೆ ಲೆಕ್ಕ ಹಾಕಿಟ್ಟಿದ್ದಾರೆ. ಅರಸನಿಗೆ ಆ ಆಳು ಕೊಡಬೇಕಾಗಿದ್ದದ್ದು 10,000 ತಲಾಂತು. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಟ್ಟು ಆರು ಕೋಟಿ ದಿನದ ದುಡಿಮೆ, ರಜೆ ಇಲ್ಲದೆ ದುಡಿದರೂ 1,64,000 ವರ್ಷ! ಅರಸ ಇಷ್ಟನ್ನೂ ಬಿಟ್ಟುಬಿಟ್ಟ. ಅದೇ ಆಳು ತನಗೆ ಬರೀ ನೂರು ದಿನಾರಿ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿದ. ಕೇಳಿದವರೆಲ್ಲ ಆ ಕುತ್ತಿಗೆಗೆ ಮರುಗಿದರೆ, ಕಾಕಾ ಮರುಗಿದ್ದು ಬೇರೆಯದಕ್ಕೆ. "ಇಷ್ಟ್ ಬಾಕಿ ಬೆಳಿಯೂ ತನಕ ಆ ರಾಜ್ಯದಾಗ ಆಡಿಟ್ ಮಾಡಿದಾಂವ ಯಾರು? ಮೊದಲ ಅವನ್ನ ಹಿಡೀಬೇಕಿತ್ತು."

ಏಳೆಪ್ಪತ್ತು ಸಲ ಕ್ಷಮಿಸಬೇಕು ಎಂಬ ಮಾತನ್ನೂ ಅವರು ಗುಣಿಸಿ ಇಟ್ಟುಕೊಂಡಿದ್ದಾರೆ: 490. ಈ ವಿಷಯದಲ್ಲಿ ಮಾತ್ರ ಹೆಂಡತಿ ಕಾಕು ಅವರ ಬಾಯಿ ಮುಚ್ಚಿಸುತ್ತಾರೆ. "ನಮ್ಮ ಮನ್ಯಾಗ ಆ ಲೆಕ್ಕ ಮದುವಿಯಾದ ಮೊದಲನೇ ವರ್ಷಾನ ಮುಗೀತ್ರೀ. ಮುಂದಿಂದೆಲ್ಲಾ ಉದ್ರಿ."

ಕಾಕಾನನ್ನು ಹಾಸ್ಯ ಮಾಡುವುದು ಸುಲಭ. ತಪ್ಪಿಹೋದ ಮಗನ ಕಥೆಯ ಹಿರೀ ಮಗ, ಫರಿಸಾಯ, ತನ್ನ ಕಣ್ಣಿನ ತೊಲೆ ಕಾಣದವನು ಎಂದು ಯುವಜನ ಸಂಘದ ಹುಡುಗರು ಅವರಿಗೆ ಹೊಸ ಒಡಂಬಡಿಕೆಯ ಹೆಸರುಗಳನ್ನೆಲ್ಲ ಇಟ್ಟಾಗಿದೆ. ಹಾಗೆ ಹೆಸರಿಡುವಾಗ ಆ ಹುಡುಗರೂ ತೀರ್ಪಿನ ಕುರ್ಚಿಯ ಮೇಲೇ ಕೂತಿರುತ್ತಾರೆ, ಆ ಕುರ್ಚಿ ಎಂದೂ ಖಾಲಿ ಉಳಿದದ್ದಿಲ್ಲ. ದ್ರಾಕ್ಷೇ ತೋಟದ ಕಥೆ ಕೇಳುವಾಗ ನಾವೆಲ್ಲ ಸಂಜೆ ಐದಕ್ಕೆ ಬಂದವರ ಸಾಲಿನಲ್ಲಿ ನಿಂತುಬಿಡುತ್ತೇವೆ, ಅದಕ್ಕೇ ಆ ಕಥೆ ನಮಗೆ ಸಿಹಿ. ಬಿಸಿಲಲ್ಲಿ ಬೆಂದವನ ಕಡೆಯಿಂದ ಅದನ್ನು ಕೇಳುವವರು ಕಾಕಾ ಒಬ್ಬರೇ. ಚರ್ಚಿನ ಹಂಚು ಸೋರಿದರೆ ಏಣಿ ತರಿಸುವವರು, ಕರೆಂಟ್ ಬಿಲ್ಲಿನ ಕೊನೆಯ ದಿನ ನೆನಪಿಡುವವರು, ಸ್ಮಶಾನದ ಗೋಡೆಗೆ ಬಂದ ಇಟ್ಟಿಗೆ ಎಣಿಸುವವರು ಅವರೇ. ಕೃಪೆಯ ಬಗ್ಗೆ ಬಲು ಇಂಪಾಗಿ ಹಾಡುವವರು ಆ ಹೊತ್ತಿಗೆ ಊಟಕ್ಕೆ ಹೋಗಿರುತ್ತಾರೆ.

ಈ ವರ್ಷ ಸುಗ್ಗಿ ಹಬ್ಬದಲ್ಲಿ ಎಂದಿನಂತೆ ಲಿಲಾವು ನಡೆಯಿತು. ಜೋಳದ ಚೀಲ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ಮೊಸರಿನ ಗಡಿಗೆ, ಸ್ತ್ರೀಯರ ಸಂಘದ ಕೇಕು. ದೇವರ ಹೆಸರಿನಲ್ಲಿ ಕೂಗುವಾಗ ಎಲ್ಲರ ಕೈಯೂ ಮೇಲೆ, ಕೊಡುವಾಗ "ಬರು ವಾರ ಕೊಡ್ತೀನಿ" ಎಂಬುದು ನಮ್ಮ ಪದ್ಧತಿ. ಹಾಗೆ ಉಳಿದ ಬಾಕಿ ವಸೂಲಿ ಮಾಡಲು ಯುವಜನ ಸಂಘದ ಹುಡುಗನೊಬ್ಬನನ್ನು ನೇಮಿಸಿದ್ದರು. ಅವನು ವಸೂಲಿ ಚೆನ್ನಾಗಿಯೇ ಮಾಡಿದ. 3,600 ರೂಪಾಯಿ ಮಾತ್ರ ಪೆಟ್ಟಿಗೆಗೆ ಬರಲಿಲ್ಲ, ಅವನ ಬೈಕಿಗೆ ಎರಡು ಹೊಸ ಟೈರು ಬಂದವು.

ಕಮಿಟಿ ಕೂಡಿತು. ಹುಡುಗ ತಲೆ ತಗ್ಗಿಸಿ ಒಪ್ಪಿಕೊಂಡ. ಪಾಸ್ಟರು ಕ್ಷಮೆಯ ಬಗ್ಗೆ ನಾಲ್ಕು ಮಾತಾಡಿದರು. ಎಲ್ಲರೂ "ಹೌದ್ರಿ, ಹೌದ್ರಿ, ಸಣ್ಣ ಹುಡುಗ, ಬಿಟ್ಟಬಿಡೂಣು" ಎಂದು ಚಹಾದ ಕಡೆ ನೋಡತೊಡಗಿದರು. ಕಾಕಾ ಎದ್ದು ನಿಂತರು. ಪೊಲೀಸ್ ಕಂಪ್ಲೇಂಟೇ ಕೊಡಿಸುತ್ತಾರೆಂದು ಹುಡುಗನ ಮುಖ ಬಿಳಿಚಿತು.

"ಬಿಟ್ಟಬಿಡೂಣು ಅಂದ್ರ ಹೆಂಗ? ಪುಸ್ತಕದಾಗ ಏನಂತ ಬರೀಲಿ?"

"ಕಾಕಾ, ಅದನ್ನ ಬರಿಯೂದು ಬ್ಯಾಡ್ರಿ," ಎಂದರು ಪಾಸ್ಟರು.

"ಬರೀಲಿಲ್ಲಂದ್ರ ಅದು ಮುಚ್ಚಿಟ್ಟಂಗಾತು, ಮನ್ನಾ ಆಗ್ಲಿಲ್ಲ. ಮನ್ನಾಕ್ಕ ಠರಾವು ಬೇಕು, ಸೂಚಕರು ಬೇಕು, ಅನುಮೋದಕರು ಬೇಕು. ಸೂಚಕ ನಾನ. ಅನುಮೋದಕರು ಯಾರು?"

ಒಂದು ಕೈಯೂ ಏಳಲಿಲ್ಲ. ಈಗ ತಾನೇ ಬಿಟ್ಟುಬಿಡಲು ತಯಾರಾಗಿದ್ದವರೆಲ್ಲ ಫ್ಯಾನಿನ ಕಡೆ ನೋಡಿದರು. ಸಹಿ ಹಾಕುವುದೆಂದರೆ ನಾಳೆ ಯಾರಾದರೂ ಕೇಳಿದಾಗ ಉತ್ತರ ಕೊಡುವುದು. ಕೊನೆಗೆ ಪಾಸ್ಟರೇ ಕೈ ಎತ್ತಬೇಕಾಯಿತು.

"ಇನ್ನ ರೊಕ್ಕ," ಎಂದರು ಕಾಕಾ. "ಮನ್ನಾ ಮಾಡಿದ್ರ ಬಾಕಿ ಮಾಯ ಆಗೂದಿಲ್ಲ, ಯಾರರ ತುಂಬಬೇಕು. ಅರಸ 10,000 ತಲಾಂತು ಬಿಟ್ಟಾಗ ಖೋತಾ ಬಿದ್ದದ್ದು ಅವನ ಖಜಾನಿಗೇ. ನಾವು ಹನ್ನೆರಡು ಮಂದಿ ಅದೀವಿ. ತಲಾ ಮುನ್ನೂರು."

ಇಷ್ಟು ಹೇಳಿ ತಮ್ಮ ಮುನ್ನೂರು ಮೇಜಿನ ಮೇಲಿಟ್ಟು ರಸೀದಿ ಕೇಳಿದರು. ಕೊಟ್ಟ ರಸೀದಿಯಲ್ಲಿ ತಾರೀಖು ತಪ್ಪಿದೆ ಎಂದು ಹರಿಸಿ ಇನ್ನೊಂದು ಬರೆಸಿಕೊಂಡರು. ಹುಡುಗನನ್ನು ಕರೆದು, ಟೈರು ಯಾವ ಕಂಪನಿಯದು, ಎಷ್ಟಕ್ಕೆ ಕೊಂಡೆ ಎಂದು ವಿಚಾರಿಸಿ, ಮೋಸಹೋಗಿದ್ದೀ ಎಂದು ಅರ್ಧ ತಾಸು ಬೈದರು. ಅಂದು ಚಹಾ ಬಹಳ ಬೇಗ ಮುಗಿಯಿತು.

ಹತ್ತು ಜನ ಹೇಗೋ ಕೊಟ್ಟು ತೀರಿಸಿದ್ದಾರೆ. ಪಾಸ್ಟರ ಪಾಲು ಇನ್ನೂ ಬಂದಿಲ್ಲ, ಅವರ ಸಂಬಳ ಎಷ್ಟೆಂದು ಎಲ್ಲರಿಗೂ ಗೊತ್ತು. ಪ್ರತಿ ಭಾನುವಾರ ಆಶೀರ್ವಾದ ಹೇಳಿ ಅವರು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಕುಲುಕುವಾಗ ಕಾಕಾ ಸರದಿಯಲ್ಲಿ ಬಂದು, ಹಿಡಿದ ಕೈ ಬಿಡದೆ, ಹಿಂದಿನವರಿಗೂ ಕೇಳುವಂತೆ ವಿಚಾರಿಸುತ್ತಾರೆ: "ಪ್ರಸಂಗ ಛಲೋ ಆತ್ರಿ. ಮತ್ತ ಆ ಮುನ್ನೂರು?"